ಬೆನ್ನಿಗೆ ಹಾಯುವ ಹೊಟ್ಟೆನೋವು

ಇವತ್ತು ಒಂದು ಬಗೆಯ ಹೊಟ್ಟೆನೋವಿನ ಬಗ್ಗೆ, ಅದಕ್ಕಿರುವ ಒಂದು ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡುತ್ತೇನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ಈ ನೋವನ್ನು ಹೇಳುವ ರೀತಿ ಹೆಚ್ಚುಕಡಿಮೆ ಒಂದೇ. “ಉಂಡ ಮ್ಯಾಲೆ ಶುರು ಆಗತೈತ್ರಿ ಸಾಹೇಬ್ರ. ಎದಿಗುಂಡಿ ಕೆಳಗ ಹಿಡಿದು ಸೀದಾ ಬೆನ್ನಿಗೆ ಹಾಯತೈತ್ರಿ. ಅಂಗಾತ ಮಲಗಾಕ ಆಗಂಗಿಲ್ಲ. ಮೊಳಕಾಲ ಎದಿಗೆ ಒತ್ತಿ ಬಗ್ಗಿ ಕುಂತ್ರ ತುಸು ಆರಾಮ ಅನಸ್ತೈತ್ರಿ.” ಈ ನಾಲ್ಕು ಮಾತಿನಲ್ಲೇ ರೋಗದ ಅರ್ಧ ಗುರುತು ಸಿಕ್ಕಿಬಿಡುತ್ತದೆ. ಉಂಡಾಗ ಹೆಚ್ಚು, ಬೆನ್ನಿಗೆ ಹಾಯುವುದು, ಮಲಗಿದರೆ ತಡೆಯಲಾಗದ್ದು, ಬಗ್ಗಿದರೆ ಇಳಿಯುವುದು. ಇದು ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ ದೀರ್ಘಕಾಲದ ಉರಿಯೂತ ಇರಬಹುದು. ವೈದ್ಯರು ಇದನ್ನು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಎನ್ನುತ್ತಾರೆ.

ಆದರೆ ಈ ಹೆಸರಿನವರೆಗೆ ಬಂದು ಮುಟ್ಟಲು ರೋಗಿಗೆ ಎಷ್ಟೋ ವರ್ಷ ಹಿಡಿಯುತ್ತದೆ. ಮೊದಲು ಗ್ಯಾಸು ಎನ್ನುತ್ತಾರೆ, ಆಮೇಲೆ ಅಲ್ಸರು ಎನ್ನುತ್ತಾರೆ. ಹುಡುಗಿಯಾದರೆ ಮುಟ್ಟಿನ ನೋವು ಎಂದು ಸುಮ್ಮನಾಗುತ್ತಾರೆ. ಮಗ್ಗದ ಮುಂದೆ ಬಗ್ಗಿ ಕೂತಾಗ ನೋವು ತುಸು ಇಳಿಯುವುದರಿಂದ, ಕೆಲಸ ಮಾಡುವಾಗ ಇಲ್ಲದ ನೋವು ಮಲಗುವಾಗ ಎಲ್ಲಿಂದ ಬಂತು ಎಂದು ಮನೆಯವರೇ ಅನುಮಾನಪಡುವುದುಂಟು. ನೋವು ಬಂದುಹೋಗಿ ಮಾಡುತ್ತ, ಊಟವೆಂದರೆ ಅಂಜಿಕೆಯಾಗಿ, ಮೈ ಒಣಗುತ್ತ ಬಂದಾಗ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಮಾತು ಹುಟ್ಟುತ್ತದೆ: ಯಾರೋ ಮದ್ದು ಹಾಕಿದ್ದಾರೆ. ಅಲ್ಲಿಂದ ಮುಂದೆ ಸಂಶಯಕ್ಕೆ ಮಿತಿಯಿಲ್ಲ. ಹೊಸದಾಗಿ ಬಂದ ಸೊಸೆ, ಪಾಲು ಕೇಳಿದ ದಾಯಾದಿ, ಹಬ್ಬಕ್ಕೆ ಊಟಕ್ಕೆ ಕರೆದ ನೆರೆಮನೆಯಾಕೆ, ಯಾರಾದರೊಬ್ಬರ ಮೇಲೆ ಬೊಟ್ಟು ಬೀಳುತ್ತದೆ. ಮದ್ದು ತೆಗೆಯುವವರ ಬಳಿ ಒಯ್ದು ವಾಂತಿ ಮಾಡಿಸುತ್ತಾರೆ, ಹೊಟ್ಟೆಯ ಮೇಲೆ ಬರೆ ಹಾಕಿಸುತ್ತಾರೆ. ನೋವು ತಾನಾಗಿಯೇ ಕೆಲವು ವಾರ ಬಿಡುವು ಕೊಡುವ ಜಾತಿಯದ್ದು. ಹಾಗಾಗಿ ಬರೆ ಹಾಕಿದ್ದಕ್ಕೇ ಕಡಿಮೆಯಾಯಿತು ಎಂಬ ನಂಬಿಕೆ ಬೇರೂರುತ್ತದೆ.

ನಂಬಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಉಂಡಾಗಲೇ ನೋವು ಬರುವುದನ್ನು ಅವರು ಸರಿಯಾಗಿಯೇ ಗಮನಿಸಿದ್ದಾರೆ, ಅದಕ್ಕೊಂದು ಕಾರಣ ಹುಡುಕಿದ್ದಾರೆ. ಕಾರಣ ಮಾತ್ರ ಬೇರೆ, ಅದನ್ನು ಸ್ಕ್ಯಾನಿನಲ್ಲಿ ಕಣ್ಣಾರೆ ತೋರಿಸಬಹುದು. ಅನ್ನಕ್ಕೆ ಯಾರೂ ಏನನ್ನೂ ಬೆರೆಸಿಲ್ಲ. ಅನ್ನ ಅರಗಿಸುವ ಅಂಗದೊಳಗೆ ಕಲ್ಲು ಕಟ್ಟಿದೆ.

ಆ ಅಂಗ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ಅಡ್ಡಲಾಗಿ ಮಲಗಿರುತ್ತದೆ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ 100 ಗ್ರಾಮಿನ ಆಸುಪಾಸು. ಅದರ ತಲೆಭಾಗ ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ಕೂತಿದ್ದರೆ, ಬಾಲ ಎಡಗಡೆ ಗುಲ್ಮದವರೆಗೆ, ಅಂದರೆ ಸ್ಪ್ಲೀನಿನವರೆಗೆ ಚಾಚಿರುತ್ತದೆ. ಕೆಲಸ ಎರಡು. ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಒಂದು. ಕೊಬ್ಬು, ಪ್ರೋಟೀನು, ಪಿಷ್ಟ ಅರಗಿಸುವ ರಸವನ್ನು ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ತಯಾರಿಸಿ ಕರುಳಿಗೆ ಕಳಿಸುವುದು ಇನ್ನೊಂದು. ಈ ರಸ ಹರಿಯುವುದು ಗ್ರಂಥಿಯ ಉದ್ದಕ್ಕೂ ಸಾಗುವ ಒಂದು ನಾಳದಲ್ಲಿ. 1642ರಲ್ಲಿ ಇಟಲಿಯ ಪಡುವಾದಲ್ಲಿ ಅದನ್ನು ಗುರುತಿಸಿದ ಯೋಹಾನ್ ಗಿಯೋರ್ಗ್ ವಿರ್ಸುಂಗ್ ಅವರ ಹೆಸರು ಆ ನಾಳಕ್ಕೆ ಇವತ್ತಿಗೂ ಉಳಿದಿದೆ. ಆರೋಗ್ಯವಂತರಲ್ಲಿ ಅದರ ಅಗಲ ಎರಡು ಮೂರು ಮಿಲಿಮೀಟರ್ ಮಾತ್ರ.

ಉರಿಯೂತ ಮತ್ತೆ ಮತ್ತೆ ಆದಾಗ ಗ್ರಂಥಿಯ ಮೆತ್ತನೆಯ ಭಾಗ ಗಟ್ಟಿ ನಾರಾಗುತ್ತದೆ. ನಾಳ ಅಲ್ಲಲ್ಲಿ ಕಿರಿದಾಗುತ್ತದೆ. ರಸ ನಿಂತಲ್ಲಿ ಪ್ರೋಟೀನು ಗರಣೆಗಟ್ಟಿ, ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂತು ಕಲ್ಲಾಗುತ್ತದೆ. ಉಂಡ ಮೇಲೆ ಗ್ರಂಥಿ ರಸ ಸುರಿಸಲು ತೊಡಗುತ್ತದೆ, ಆದರೆ ದಾರಿ ಕಟ್ಟಿದೆ. ಒತ್ತಡ ಏರುತ್ತದೆ, ನಾಳ ಉಬ್ಬುತ್ತದೆ, ಸುತ್ತಲಿನ ನರಗಳು ಕೆರಳುತ್ತವೆ. ಉಂಡಾಗ ನೋವು ಬರುವ ಮುಖ್ಯ ಕಾರಣ ಇದು. ಮಧುಮೇಹಿಯೊಬ್ಬರ ಶವಪರೀಕ್ಷೆಯಲ್ಲಿ ಪ್ಯಾಂಕ್ರಿಯಾಸಿನೊಳಗೆ ಕಲ್ಲು ಕಂಡದ್ದನ್ನು ಇಂಗ್ಲೆಂಡಿನ ಥಾಮಸ್ ಕಾಲಿ ಎಂಬ ವೈದ್ಯರು 1788ರಷ್ಟು ಹಿಂದೆಯೇ ಬರೆದಿದ್ದಾರೆ. ಕಲ್ಲಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ಅಷ್ಟು ಹಳೆಯದು.

ಈ ರೋಗದ ಹೆಸರು ಕೇಳಿದೊಡನೆ “ಕುಡೀತಾನೇನು?” ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ವೈದ್ಯರೂ ಹಾಗೆ ಕೇಳಿಬಿಡುತ್ತಾರೆ. ಸೆರೆ ಇದರ ದೊಡ್ಡ ಕಾರಣ, ನಿಜ. ಬೀಡಿ, ಸಿಗರೇಟು ಕೂಡ ತಮ್ಮಷ್ಟಕ್ಕೇ ರೋಗವನ್ನು ಬೆಳೆಸುತ್ತವೆ. ಆದರೆ 2008ರಲ್ಲಿ ಪ್ರಕಟವಾದ, ದೇಶದ ನಾನಾ ಕಡೆಯ 1,086 ರೋಗಿಗಳ ಅಧ್ಯಯನದಲ್ಲಿ ಶೇಕಡಾ 60ರಷ್ಟು ಮಂದಿಗೆ ಕುಡಿತವಾಗಲಿ ಬೇರೆ ಸ್ಪಷ್ಟ ಕಾರಣವಾಗಲಿ ಇರಲಿಲ್ಲ. ಕುಡಿತದಿಂದ ಬಂದದ್ದು ಶೇಕಡಾ 38ರ ಆಸುಪಾಸು. ಒಮ್ಮೆಯೂ ಸೆರೆ ಮುಟ್ಟದ ಹದಿನಾರರ ಹುಡುಗಿಗೂ ಈ ರೋಗ ಬರುತ್ತದೆ. ಉಷ್ಣವಲಯದ ದೇಶಗಳ ಎಳೆಯರಲ್ಲಿ ಕಾಣುವ ಈ ರೂಪವನ್ನು 1959ರಲ್ಲಿ ಜುಯ್ಡೆಮಾ ಎಂಬವರು ಇಂಡೊನೇಷ್ಯಾದಿಂದ ವರದಿ ಮಾಡಿದರು. ಮುಂದೆ ಕೇರಳದ ಡಾ. ಗೀವರ್ಗೀಸ್ ನೂರಾರು ರೋಗಿಗಳನ್ನು ನೋಡಿ, ಎಳವೆಯಲ್ಲಿ ಹೊಟ್ಟೆನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ, ದುಡಿಯುವ ವಯಸ್ಸಿನಲ್ಲಿ ಸಾವು ಎಂಬ ಇದರ ನಡೆಯನ್ನು ಜಗತ್ತಿಗೆ ತಿಳಿಸಿದರು. ಮರಗೆಣಸು ತಿನ್ನುವುದರಿಂದ ಬರುತ್ತದೆ ಎಂಬ ವಾದವೂ ಅಲ್ಲಿಂದಲೇ ಎದ್ದಿತು, ಆದರೆ ಗಟ್ಟಿಯಾಗಿ ನಿಲ್ಲಲಿಲ್ಲ. ಜೋಳ, ಸಜ್ಜೆಯ ರೊಟ್ಟಿ ಉಣ್ಣುವ ನಮ್ಮ ಸೀಮೆಯಲ್ಲಿ ಅದು ಹೇಗೂ ಹೊಂದುವ ಮಾತಲ್ಲ. ಈಗ ಹೆಚ್ಚು ಗಮನ ಇರುವುದು ವಂಶವಾಹಿಗಳ ಮೇಲೆ. ಸ್ಪಿಂಕ್-1 ಎಂಬ ಜೀನಿನ ಒಂದು ಬದಲಾವಣೆ ಭಾರತದ ಇಂಥ ರೋಗಿಗಳಲ್ಲಿ ಸಾಮಾನ್ಯರಿಗಿಂತ ಬಹಳ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ರೋಗಿಯ ನಡತೆಯ ಮೇಲೆ ತೀರ್ಪು ಕೊಡುವ ಮುಂಚೆ ಸ್ಕ್ಯಾನ್ ಮಾಡಿಸೋಣ ಎಂಬುದು ನನ್ನ ಬಿನ್ನಹ.

ಗೊತ್ತುಮಾಡಿಕೊಳ್ಳುವುದು ಕಷ್ಟವಲ್ಲ. ಹೊಟ್ಟೆಯ ಸಾದಾ ಎಕ್ಸ್‌ರೇಯಲ್ಲೇ ಬೆನ್ನುಮೂಳೆಯ ಎರಡೂ ಬದಿಗೆ ಬಿಳಿಯ ಕಲ್ಲುಗಳು ಎಷ್ಟೋ ಸಲ ಕಾಣುತ್ತವೆ. ಅಲ್ಟ್ರಾಸೌಂಡ್ ದಾರಿ ತೋರಿಸುತ್ತದೆ, ಸಿಟಿ ಸ್ಕ್ಯಾನ್ ಖಾತ್ರಿ ಮಾಡುತ್ತದೆ, ನಾಳದ ನಕ್ಷೆ ಬೇಕಾದರೆ ಎಂಆರ್‌ಸಿಪಿ ಇದೆ. ರಕ್ತದಲ್ಲಿ ಅಮೈಲೇಸ್ ಸರಿಯಾಗಿದೆ ಎಂದು ರೋಗವಿಲ್ಲವೆಂದು ತಿಳಿಯಬಾರದು. ಹಳೆಯ ರೋಗದಲ್ಲಿ ಗ್ರಂಥಿ ಸೊರಗಿರುವುದರಿಂದ ಆ ಅಂಕಿ ಎಷ್ಟೋ ಸಲ ಏರುವುದೇ ಇಲ್ಲ. ಮಲ ಎಣ್ಣೆಯಾಗಿ, ನೀರಿನ ಮೇಲೆ ತೇಲುತ್ತಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು. ಕೊಬ್ಬು ಅರಗುತ್ತಿಲ್ಲ ಎಂಬುದರ ಗುರುತು ಅದು.

ಇನ್ನು ಶಸ್ತ್ರಚಿಕಿತ್ಸೆಯ ಮಾತು. ರಸ ಹೋಗುವ ದಾರಿ ಕಟ್ಟಿದ್ದರೆ ಹೊಸ ದಾರಿ ಮಾಡಿಕೊಡುವುದೇ ಅದರ ತಿರುಳು. ಹೇಳಲು ಸುಲಭವಾದ ಈ ಮಾತನ್ನು ಮಾಡಿ ತೋರಿಸಲು ಶಸ್ತ್ರವೈದ್ಯರು ಕೆಲವು ದಾರಿ ತುಳಿದು ನೋಡಬೇಕಾಯಿತು. 1954ರಲ್ಲಿ ಅಮೆರಿಕದ ಡುವಾಲ್ ಗ್ರಂಥಿಯ ಬಾಲವನ್ನು ಕತ್ತರಿಸಿ, ಆ ತುದಿಗೆ ಕರುಳನ್ನು ಜೋಡಿಸುವ ಕ್ರಮ ಪ್ರಕಟಿಸಿದರು. ಆದರೆ ನಾಳ ಒಂದೇ ಕಡೆ ಕಟ್ಟಿರುವುದಿಲ್ಲ, ನಡುನಡುವೆ ಹಲವೆಡೆ ಕಟ್ಟಿರುತ್ತದೆ. ಬಾಲದ ರಸವೇನೋ ಹರಿಯಿತು, ಉಳಿದದ್ದು ಒಳಗೇ ನಿಂತಿತು. 1958ರಲ್ಲಿ ಪ್ಯೂಸ್ಟೋ ಮತ್ತು ಗಿಲ್ಲೆಸ್ಬಿ ನಾಳವನ್ನೇ ಉದ್ದಕ್ಕೂ ಸೀಳಿ ತೆರೆದು, ಆ ಉದ್ದನೆಯ ಬಾಯಿಗೆ ಕರುಳನ್ನು ಜೋಡಿಸಿದರು. ಅವರ ಕ್ರಮದಲ್ಲಿ ಬಾಲದ ತುದಿಯನ್ನೂ ಗುಲ್ಮವನ್ನೂ ತೆಗೆಯಬೇಕಿತ್ತು. 1960ರಲ್ಲಿ ಪಾರ್ಟಿಂಗ್ಟನ್ ಮತ್ತು ರೋಶೆಲ್ ಅವೆರಡನ್ನೂ ಉಳಿಸಿಕೊಂಡೇ ಅದನ್ನು ಮಾಡಬಹುದೆಂದು ತೋರಿಸಿದರು. ಇವತ್ತು ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ನಡೆಯುವುದೂ ಮೂಲತಃ ಅದೇ.

ಅದು ನಡೆಯುವ ಬಗೆ ಹೀಗೆ. ಪೂರ್ತಿ ಅರಿವಳಿಕೆ ಕೊಟ್ಟು ಹೊಟ್ಟೆಯ ಮೇಲ್ಭಾಗ ತೆರೆಯುತ್ತಾರೆ. ಜಠರವನ್ನು ಮೇಲಕ್ಕೆ ಸರಿಸಿ ಹಿಂದಿರುವ ಗ್ರಂಥಿಯನ್ನು ತಲುಪುತ್ತಾರೆ. ಗಟ್ಟಿಯಾದ ಗ್ರಂಥಿಯಲ್ಲಿ ಉಬ್ಬಿದ ನಾಳ ಬೆರಳಿಗೆ ಮೆತ್ತಗೆ ಸಿಗುತ್ತದೆ. ಖಾತ್ರಿಗೆ ಸೂಜಿ ಚುಚ್ಚಿದರೆ ತಿಳಿಯಾದ ರಸ ಬರುತ್ತದೆ. ಆ ಜಾಡು ಹಿಡಿದು ನಾಳವನ್ನು ತಲೆಯಿಂದ ಬಾಲದ ಹತ್ತಿರದವರೆಗೆ ಸೀಳಿ, ಒಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಹರಳುಗಳು ಬಿಳಿಯಾಗಿ, ಮುಳ್ಳುಮುಳ್ಳಾಗಿ, ಕೆಲವು ಕಡಲೆಕಾಳಿಗಿಂತ ದೊಡ್ಡದಾಗಿ ಇರುತ್ತವೆ. ಆಮೇಲೆ ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಕೆಳತುಂಡಿನ ತುದಿಯನ್ನು ಮೇಲಕ್ಕೆ ತಂದು, ಅದರ ಬದಿಯನ್ನು ಸೀಳಿದ ನಾಳದ ಅಂಚಿಗೆ ಹೊಲಿಯುತ್ತಾರೆ. ಇಳಕಲ್ಲಿನ ನೇಕಾರರಿಗೆ ಇದು ಬೇಗ ತಿಳಿಯುತ್ತದೆ: ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಒಂದು ಎಳೆ ತಪ್ಪಿದರೂ ಕೂಡುವಲ್ಲಿ ಸಡಿಲು ಉಳಿಯುತ್ತದಲ್ಲ, ಹಾಗೆಯೇ ಇಲ್ಲಿಯೂ ಹೊಲಿಗೆ ಎಲ್ಲಿ ಸಡಿಲವಾದರೂ ಅಲ್ಲಿಂದ ರಸ ಸೋರುತ್ತದೆ. ಕರುಳಿನ ಮೇಲಿನ ತುಂಡನ್ನು ಕೆಳಗೆ ಇನ್ನೊಂದು ಕಡೆ ಜೋಡಿಸಿ, ಉಂಡ ಅನ್ನ ಹೋಗುವ ಹಾದಿಯನ್ನು ಸರಿಪಡಿಸುತ್ತಾರೆ. ಕವಲಾಗಿ ಕೂಡಿಸುವ ಈ ಕ್ರಮ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೀಸರ್ ರೂ ಅವರ ಹೆಸರಿನಲ್ಲಿದೆ.

“ಕರುಳ ಕತ್ತರಿಸಿದ್ರ ಮುಂದ ದುಡಿಯಾಕ ಆಗತೈತೇನ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಲ್ಲಿನ ಕ್ವಾರಿಯಲ್ಲಿ ದುಡಿಯುವವನಿಗೆ ಅದು ಬದುಕಿನ ಪ್ರಶ್ನೆ. ಸಣ್ಣ ಕರುಳು ಸುಮಾರು ಆರು ಮೀಟರ್ ಉದ್ದವಿದೆ. ಅದರಲ್ಲಿ ಏನನ್ನೂ ತೆಗೆದು ಎಸೆಯುವುದಿಲ್ಲ, ಹಾದಿ ಬದಲಿಸುತ್ತಾರೆ ಅಷ್ಟೆ. ಹೊಲಿಗೆ ಗಟ್ಟಿಯಾಗುವವರೆಗೆ ಕೆಲವು ತಿಂಗಳು ಭಾರ ಎತ್ತಬಾರದು, ಆಮೇಲೆ ಕೆಲಸಕ್ಕೆ ಮರಳಬಹುದು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ. ಅಪಾಯ ಇಲ್ಲವೆಂದು ನಾನು ಹೇಳುವುದಿಲ್ಲ. ರಕ್ತ ಸೋರಬಹುದು, ಹೊಲಿಗೆ ಬಿಡಬಹುದು, ಸೋಂಕು ತಗಲಬಹುದು. ಆದರೆ ನುರಿತ ಕೈಯಲ್ಲಿ ಜೀವಕ್ಕೆ ಎರವಾಗುವುದು ತೀರ ಅಪರೂಪ.

ಎಲ್ಲರಿಗೂ ಇದು ಹೊಂದುವುದಿಲ್ಲ. ನಾಳ ಉಬ್ಬಿರಬೇಕು. ಏಳು ಮಿಲಿಮೀಟರಿಗಿಂತ ಹೆಚ್ಚು ಅಗಲವಿದ್ದರೆ ಒಳ್ಳೆಯದು ಎಂಬುದು ಹಳೆಯ ಲೆಕ್ಕ, ಈಗ ಐದಿದ್ದರೂ ಯೋಚಿಸುತ್ತಾರೆ. ಗ್ರಂಥಿಯ ತಲೆಭಾಗವೇ ದಪ್ಪವಾಗಿ, ಕಲ್ಲು ತುಂಬಿದ್ದರೆ ನಾಳ ಸೀಳಿದ್ದಷ್ಟೇ ಸಾಲದು. 1987ರಲ್ಲಿ ಫ್ರೇ ಮತ್ತು ಸ್ಮಿತ್ ತೋರಿಸಿದಂತೆ ತಲೆಯ ಒಳಗಿನ ಗಟ್ಟಿ ಭಾಗವನ್ನು ಕೊರೆದು ತೆಗೆದು, ಆಮೇಲೆ ಕರುಳು ಜೋಡಿಸಬೇಕು. ನಮ್ಮ ದೇಶದ ರೋಗಿಗಳಲ್ಲಿ ತಲೆಭಾಗದ ಕಲ್ಲು ಸಾಮಾನ್ಯವಾದ್ದರಿಂದ ಫ್ರೇ ಕ್ರಮ ಇಲ್ಲಿ ಬಹಳ ಬಳಕೆಯಲ್ಲಿದೆ.

ಹೊಟ್ಟೆ ಕೊಯ್ಯದೆಯೂ ಒಂದು ದಾರಿಯಿದೆ. ಹೊರಗಿನಿಂದ ಆಘಾತದ ಅಲೆ ಬಿಟ್ಟು ಕಲ್ಲು ಪುಡಿಮಾಡುವುದು, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಕಲ್ಲಿನ ಪುಡಿ ತೆಗೆದು ನಾಳದಲ್ಲಿ ಸ್ಟೆಂಟ್ ಇಡುವುದು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಈ ವಿದ್ಯೆಯಲ್ಲಿ ಜಗತ್ತಿನಲ್ಲೇ ಹೆಸರು ಮಾಡಿದೆ. ಕಲ್ಲು ಒಂದೆರಡೇ ಇದ್ದು, ನಾಳ ಹೆಚ್ಚು ಕಿರಿದಾಗಿರದಿದ್ದರೆ ಇದು ಒಳ್ಳೆಯ ಚಿಕಿತ್ಸೆ. ಆದರೆ ಸ್ಟೆಂಟನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಬಾದಾಮಿಯ ಹಳ್ಳಿಯೊಂದರಿಂದ ಒಬ್ಬ ಕೂಲಿಯವನು ಜೊತೆಗೊಬ್ಬರನ್ನು ಕರೆದುಕೊಂಡು ವರ್ಷಕ್ಕೆ ನಾಲ್ಕು ಸಲ ದೂರದ ನಗರಕ್ಕೆ ಹೋಗಿಬರುವುದೆಂದರೆ ಎರಡು ಮನೆಯ ಕೂಲಿ ನಿಂತಂತೆ. ಚಿಕಿತ್ಸೆ ಆರಿಸುವಾಗ ವೈದ್ಯರು ಈ ಲೆಕ್ಕವನ್ನೂ ಹಿಡಿಯಬೇಕು.

ಯಾವುದು ಮೇಲು ಎಂಬುದನ್ನು ತೂಗಿ ನೋಡಿದ ಅಧ್ಯಯನಗಳಿವೆ. 2007ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಬಂದ ವರದಿಯಲ್ಲಿ, ನಾಳ ಉಬ್ಬಿದ 39 ರೋಗಿಗಳನ್ನು ಚೀಟಿ ಎತ್ತಿದ ರೀತಿ ಎರಡು ಗುಂಪು ಮಾಡಿದ್ದರು. ಎರಡು ವರ್ಷದ ನಂತರ ನೋವು ಪೂರ್ತಿಯಾಗಿಯೋ ಭಾಗಶಃವೋ ಇಳಿದವರು ಎಂಡೋಸ್ಕೋಪಿ ಗುಂಪಿನಲ್ಲಿ ಶೇಕಡಾ 32, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 75. ವ್ಯತ್ಯಾಸ ಅಷ್ಟು ದೊಡ್ಡದಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಕೆಲವೇ ರೋಗಿಗಳು ಎಂಬ ಆಕ್ಷೇಪ ಬಂತು. 2020ರಲ್ಲಿ ಅದೇ ದೇಶದ 30 ಆಸ್ಪತ್ರೆಗಳು ಸೇರಿ 88 ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ಪ್ರಕಟಿಸಿದವು. ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಒಂದು ಕಡೆ. ಮೊದಲು ಔಷಧ, ಆಮೇಲೆ ಎಂಡೋಸ್ಕೋಪಿ, ಅದೂ ಆಗದಿದ್ದರೆ ಶಸ್ತ್ರಚಿಕಿತ್ಸೆ ಎಂಬ ರೂಢಿಯ ಮೆಟ್ಟಿಲು ಹತ್ತಿದವರು ಇನ್ನೊಂದು ಕಡೆ. ನೋವನ್ನು ನೂರು ಅಂಕಕ್ಕೆ ಅಳೆದಾಗ ಒಂದೂವರೆ ವರ್ಷದ ಸರಾಸರಿ ಬೇಗ ಮಾಡಿಸಿಕೊಂಡವರಲ್ಲಿ 37, ಕಾದವರಲ್ಲಿ 49. ನೋವು ಯಾವ ಗುಂಪಿನಲ್ಲೂ ಸೊನ್ನೆಗೆ ಇಳಿಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಆದರೂ ಕಾಯುವುದರಿಂದ ಲಾಭವಿಲ್ಲ ಎಂಬ ಸೂಚನೆ ಅದರಲ್ಲಿ ಇದೆ.

ನನ್ನ ಮಾತಿನ ಒತ್ತು ಇರುವುದೇ ಇಲ್ಲಿ. ಆಪರೇಷನ್ ಎಂದರೆ ಎಲ್ಲ ಮುಗಿದ ಮೇಲೆ ಕೊನೆಗೆ ಮಾಡಿಸುವುದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಈ ರೋಗದಲ್ಲಿ ಅದು ತಿರುಗುಬಾಣವಾಗುತ್ತದೆ. ನೋವು ವರ್ಷಗಟ್ಟಲೆ ಉಳಿದರೆ ಗ್ರಂಥಿಯ ನರಗಳಷ್ಟೇ ಅಲ್ಲ, ಬೆನ್ನುಹುರಿ ಮತ್ತು ಮೆದುಳು ಕೂಡ ನೋವಿಗೆ ಪಳಗಿಬಿಡುತ್ತವೆ. ಆಮೇಲೆ ಕಲ್ಲು ತೆಗೆದು ದಾರಿ ತೆರೆದರೂ ನೋವು ಪೂರ್ತಿ ಬಿಡುವುದಿಲ್ಲ. ಕಾಯುವ ಆ ವರ್ಷಗಳಲ್ಲಿ ರೋಗಿ ಸೂಜಿಗೆ ಒಗ್ಗಿಹೋಗುತ್ತಾನೆ. ಟ್ರಮಡಾಲ್, ಪೆಂಟಜೋಸಿನ್‌ನಂಥ ಔಷಧಗಳಿಗೆ ಮೈ ಅಂಟಿಕೊಂಡ ಹುಡುಗರು ನೋವಿಗಾಗಿ ಸೂಜಿ ಕೇಳುತ್ತಾರೋ ಸೂಜಿಗಾಗಿ ನೋವು ಹೇಳುತ್ತಾರೋ ಎಂದು ಮನೆಯವರಿಗೂ ಗೊತ್ತಾಗದ ಸ್ಥಿತಿ ಬರುತ್ತದೆ. ಅವರನ್ನು ಸುಳ್ಳುಗಾರರೆನ್ನಬೇಡಿ. ಅಂಗಡಿಯ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿ ಮೂತ್ರಪಿಂಡ ಕೆಡಿಸಿಕೊಳ್ಳುವುದು ಇದರ ಇನ್ನೊಂದು ಮುಖ. ಕಲ್ಲು, ಉಬ್ಬಿದ ನಾಳ, ಬಿಡದ ನೋವು, ಈ ಮೂರೂ ಸೇರಿದ್ದರೆ ಮೊದಲ ವರ್ಷದಲ್ಲೇ ಜಠರ ಕರುಳಿನ ಶಸ್ತ್ರವೈದ್ಯರನ್ನು ಒಮ್ಮೆ ಕಾಣಬೇಕು. ಕಂಡೊಡನೆ ಕೊಯ್ಯಿಸಿಕೊಳ್ಳಬೇಕೆಂದೇನೂ ಇಲ್ಲ, ಅಭಿಪ್ರಾಯ ಕೇಳಲು ತಡ ಮಾಡಬಾರದು.

ಶಸ್ತ್ರಚಿಕಿತ್ಸೆಯಿಂದ ಆಗದ ಕೆಲಸಗಳೂ ಇವೆ. ಸಕ್ಕರೆ ಕಾಯಿಲೆ ಅದರಿಂದ ಹೋಗುವುದಿಲ್ಲ. ನಾಳ ತೆರೆಯುವ ಕ್ರಮದಲ್ಲಿ ಗ್ರಂಥಿಯ ಹೆಚ್ಚು ಭಾಗ ತೆಗೆಯದೆ ಇರುವುದರಿಂದ ಇದ್ದ ಇನ್ಸುಲಿನ್ ಉಳಿಯುತ್ತದೆ ಅಷ್ಟೆ. ಇವರಲ್ಲಿ ಬಹಳ ಮಂದಿಗೆ ಮುಂದೆ ಇನ್ಸುಲಿನ್ ಸೂಜಿ ಬೇಕಾಗುತ್ತದೆ. ಸಕ್ಕರೆ ತಟ್ಟನೆ ಇಳಿಯುವ ಅಪಾಯವೂ ಇವರಿಗೆ ಹೆಚ್ಚು. ಯಾಕೆಂದರೆ ಇಳಿದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಕೂಡ ಇದೇ ಗ್ರಂಥಿಯಿಂದ ಬರಬೇಕು. ಉಪವಾಸ, ವಾರ ಹಿಡಿಯುವವರು ವೈದ್ಯರಿಗೆ ಮೊದಲೇ ತಿಳಿಸಿ ಸೂಜಿಯ ಪ್ರಮಾಣ ಹೊಂದಿಸಿಕೊಳ್ಳಬೇಕು.

ಜೀರ್ಣಕ್ಕೆ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟದ ಜೊತೆಗೇ, ತುತ್ತಿನ ನಡುವೆ ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ಇಲ್ಲಿ ಮುಚ್ಚಿಡಬಾರದ ಒಂದು ವಿಷಯವಿದೆ: ಪರಿಣಾಮಕಾರಿಯಾದ ಈ ಕ್ಯಾಪ್ಸೂಲುಗಳನ್ನು ಹಂದಿಯ ಮೇದೋಜೀರಕದಿಂದ ತಯಾರಿಸುತ್ತಾರೆ. ನಮ್ಮ ಕಡೆಯ ಲಿಂಗಾಯತ, ಜೈನ, ಮುಸ್ಲಿಂ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ವೈದ್ಯರು ಇದನ್ನು ಮೊದಲೇ ಹೇಳಿ, ರೋಗಿಯೇ ತೀರ್ಮಾನಿಸಲು ಬಿಡಬೇಕು. ಔಷಧವೆಂದು ಒಪ್ಪಿ ತೆಗೆದುಕೊಳ್ಳುವವರು ಬಹಳ ಜನ. ಒಪ್ಪದವರಿಗೆ ಶಿಲೀಂಧ್ರದಿಂದ ತೆಗೆದ ಕಿಣ್ವಗಳಿವೆ, ಆದರೆ ಅವುಗಳ ಬಲ ಕಡಿಮೆ.

ಊಟದ ವಿಷಯದಲ್ಲಿ ಪಥ್ಯದ ಅತಿರೇಕ ಬೇಡ. ನೋವಿನ ಅಂಜಿಕೆಯಿಂದ ಮೊದಲೇ ಉಪವಾಸ ಬಿದ್ದವರನ್ನು ಇನ್ನಷ್ಟು ಒಣಗಿಸಬಾರದು. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣಲಿ. ಜೋಳದ ರೊಟ್ಟಿ, ಹೆಸರುಬೇಳೆ, ಮೊಳಕೆ ಕಾಳು, ಕೆನೆ ತೆಗೆದ ಮಜ್ಜಿಗೆ, ಸೊಪ್ಪು, ತಿನ್ನುವವರು ಮೊಟ್ಟೆ. ಅಮೀನಗಡದ ಕರದಂಟು, ಶೇಂಗಾ ಹೋಳಿಗೆ ಯಾವಾಗಲೋ ಒಂದು ಚೂರು ತಿಂದರೆ ಅದರ ಜೊತೆ ಕ್ಯಾಪ್ಸೂಲ್ ಇರಲಿ, ಸಕ್ಕರೆಯ ಮೇಲೆ ಕಣ್ಣಿರಲಿ. ಸೆರೆ ಮತ್ತು ಬೀಡಿ ಸಿಗರೇಟು ಮಾತ್ರ ಪೂರ್ತಿ ನಿಲ್ಲಲೇಬೇಕು. ನಾಳ ತೆರೆದ ಮೇಲೂ ಅವನ್ನು ಮುಂದುವರಿಸಿದವರ ನೋವು ಮರಳುತ್ತದೆ.

ಖರ್ಚಿನ ಮಾತು. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇಕಡಾ 30ರಷ್ಟು ಸಿಗುತ್ತದೆ. ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ಕಂಡು, ಯಾವ ಆಸ್ಪತ್ರೆಗೆ ಶಿಫಾರಸು ಪತ್ರ ಬೇಕು ಎಂದು ವಿಚಾರಿಸಿ. ಕೈಯಿಂದ ಸಾಲ ಮಾಡುವ ಮುಂಚೆ ಈ ಕೆಲಸ ಆಗಲಿ. ಸ್ಕ್ಯಾನ್, ಎಕ್ಸ್‌ರೇ ಬಾಗಲಕೋಟೆಯಲ್ಲೇ ಆಗುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿ, ಬೆಳಗಾವಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕೇಳಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಕರುಳಿನ ರೋಗಗಳಿಗೇ ಮೀಸಲಾದ ಸರಕಾರಿ ಸಂಸ್ಥೆಯೂ ಇದೆ. ಹೋದಾಗ, ಇಂಥ ಶಸ್ತ್ರಚಿಕಿತ್ಸೆ ನಿಮ್ಮಲ್ಲಿ ಆಗಾಗ ಮಾಡುತ್ತೀರಾ ಎಂದು ಕೇಳಲು ಹಿಂಜರಿಯಬೇಡಿ. ನಾಳದ ಅಗಲ ಎಷ್ಟಿದೆ, ತಲೆಭಾಗ ದಪ್ಪವಾಗಿದೆಯೇ ಎಂದೂ ಕೇಳಿ. ಓದು ಬಾರದವರಿಗೂ ಆ ಎರಡು ಉತ್ತರ ತಿಳಿಯುವ ಹಕ್ಕಿದೆ.

ಶಸ್ತ್ರಚಿಕಿತ್ಸೆಯಾಗಿ ನೋವು ಹೋದವರು ಕೆಲವು ವರ್ಷದ ಮೇಲೆ ಆಸ್ಪತ್ರೆಯ ಕಡೆ ಬರುವುದನ್ನೇ ಬಿಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಬನ್ನಿ. ಸಕ್ಕರೆ, ತೂಕ, ಕಣ್ಣು ನೋಡಿಸಿಕೊಳ್ಳಿ. ಈ ರೋಗ ಇದ್ದವರಿಗೆ ಪ್ಯಾಂಕ್ರಿಯಾಸಿನ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಆರಾಮಾಗಿದ್ದವರಿಗೆ ಮತ್ತೆ ನೋವು ಶುರುವಾದರೆ, ಸಕ್ಕರೆ ಹತೋಟಿಯಲ್ಲಿದ್ದೂ ತೂಕ ಇಳಿದರೆ, ಕಾಮಾಲೆ ಕಂಡರೆ, ಹಳೆಯ ನೋವೇ ಇರಬೇಕು ಎಂದು ಮನೆಯಲ್ಲಿ ಕೂರದೆ ಆ ವಾರವೇ ಸ್ಕ್ಯಾನ್ ಮಾಡಿಸಿ. ಬರುವಾಗ ಹಳೆಯ ಸ್ಕ್ಯಾನಿನ ಫಿಲ್ಮು, ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ಜೊತೆಗೆ ತನ್ನಿ. ಒಳಗೆ ಯಾವ ಕರುಳನ್ನು ಎಲ್ಲಿಗೆ ಜೋಡಿಸಿದ್ದಾರೆ ಎಂಬುದು ಮುಂದಿನ ವೈದ್ಯರಿಗೆ ಆ ಚೀಟಿಯಿಂದಲೇ ತಿಳಿಯಬೇಕು.